ಅರ್ಧ ಗೆರೆ

ಮೂರನೆಯ ಅಂಕದ ಪರದೆ ಎದ್ದು ಒಂದು ನಿಮಿಷವೂ ಕಳೆದಿರಲಿಲ್ಲ, ಗೆರೆ ಇಳಿಯತೊಡಗಿತು.

ಕಸ್ತೂರಿ ಯಲಿಗಾರ ಗೆರೆಕೋಣೆಯಲ್ಲಿ ನಿಂತು ನೋಡುತ್ತಿದ್ದಳು. ಹುಬ್ಬಳ್ಳಿಯ ಉದಯಪ್ರಭಾ ನಾಟ್ಯ ಸಂಘದ ಥಿಯೇಟರಿನಲ್ಲಿ, ವೇದಿಕೆಯ ಬಲಮಗ್ಗುಲಿಗಿದ್ದ ಆ ಕೋಣೆಯಲ್ಲಿ ಒಂದು ಕಾಲಕ್ಕೆ ಅರಮನೆ, ಅಡವಿ, ಬೀದಿಗಳ ಬಣ್ಣದ ಪರದೆಗಳನ್ನು ಸುತ್ತಿಡುತ್ತಿದ್ದರು. ಈಗ ಗೋಡೆಯಗಲಕ್ಕೂ ಒಂದೇ ಕಪ್ಪು ಫಲಕ. ಅದರ ಮೇಲೆ ಎಡದಿಂದ ಬಲಕ್ಕೆ ಹರಿಯುವ ಒಂದೇ ಹಸಿರು ಗೆರೆ. ಥಿಯೇಟರಿನ ಆರುನೂರ ಹನ್ನೆರಡು ಕುರ್ಚಿಗಳ ಬೆನ್ನಿನೊಳಗೆ ಹೊಲಿದಿಟ್ಟ ಬೆರಳಗಲದ ಪಟ್ಟಿಗಳು ಕುಳಿತವರ ಎದೆಬಡಿತವನ್ನೂ ಉಸಿರನ್ನೂ ಬಟ್ಟೆಯ ಮೇಲಿಂದಲೇ ಹಿಡಿಯುತ್ತಿದ್ದವು. ಮೊದಲ ಗಂಟೆ ಹೊಡೆದಾಗ ಪ್ರೇಕ್ಷಕ ಹೇಗೆ ಉಸಿರಾಡುತ್ತಿದ್ದನೋ ಅದೇ ಅವನ ವಿಶ್ರಾಂತಿಯ ಸ್ಥಿತಿ ಎಂದು ಯಂತ್ರ ಬರೆದುಕೊಳ್ಳುತ್ತಿತ್ತು. ಆಮೇಲೆ ಅವನು ಅದಕ್ಕಿಂತ ಎಷ್ಟು ಮೇಲೇರಿದ, ಎಷ್ಟು ಕೆಳಗಿಳಿದ ಎಂದು ನೋಡಿ, ಸಭೆಯನ್ನೆಲ್ಲ ಕೂಡಿಸಿ, ಸೊನ್ನೆಯಿಂದ ನೂರರೊಳಗಿನ ಒಂದೇ ಅಂಕಿಗೆ ಇಳಿಸುತ್ತಿತ್ತು. ಕಾಗದಪತ್ರಗಳಲ್ಲಿ ಅದಕ್ಕೆ ಸ್ಪಂದನ ಸೂಚ್ಯಂಕ ಎಂಬ ಹೆಸರಿತ್ತು. ಊರಿನವರು ಗೆರೆ ಎನ್ನುತ್ತಿದ್ದರು.

ಗೆರೆ ಬಂದು ಒಂಬತ್ತು ವರ್ಷವಾಗಿತ್ತು. ನಾಟಕಕ್ಕಷ್ಟೇ ಅಲ್ಲ, ಸಂಗೀತ ಕಛೇರಿಗೆ, ಸಿನಿಮಾಕ್ಕೆ, ಕೀರ್ತನೆಗೆ ಕೂಡ. ಜನ ಟಿಕೆಟ್ ತೆಗೆಯುವ ಮೊದಲು ಮೊಬೈಲಿನಲ್ಲಿ ನಿನ್ನೆಯ ಆಟದ ಗೆರೆ ನೋಡುತ್ತಿದ್ದರು. ಥಿಯೇಟರಿನ ಹೊರಗೆ ಹಿಂದೆ ನಟನಟಿಯರ ಚಿತ್ರವಿದ್ದ ಜಾಗದಲ್ಲಿ ಈಗ ಆಳೆತ್ತರದ ಬೋರ್ಡಿನ ಮೇಲೆ ಗೆರೆ ಹೊಳೆಯುತ್ತಿತ್ತು. ಅದು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ನಲವತ್ತರ ಕೆಳಗೆ ನಿಲ್ಲುವಂತಿರಲಿಲ್ಲ. ನಿಂತರೆ ಯಂತ್ರವೇ ನಟರ ಕಿವಿಯೊಳಗಿನ, ಗುಂಡಿಯಷ್ಟು ಪುಟ್ಟ ಸ್ಪೀಕರಿನಲ್ಲಿ ಮಾತಾಡಿ, ಹಿಂದೆ ಚೆನ್ನಾಗಿ ನಡೆದ ಯಾವುದಾದರೊಂದು ವರಸೆಯನ್ನು ಮಾಡಲು ಹೇಳುತ್ತಿತ್ತು. ನಾಟಕ ಕಂಪನಿಗಳೆಲ್ಲ ಯಂತ್ರ ಕೊಟ್ಟವರೊಂದಿಗೆ ಸಹಿ ಹಾಕಿದ ಕರಾರಿನಲ್ಲಿ ಹಾಗೆಂದು ಬರೆದಿತ್ತು.

ವೇದಿಕೆಯ ಮೇಲೆ ಈಗ ದ್ಯಾಮಣ್ಣನಿದ್ದ. ಕಸ್ತೂರಿಯ ಗಂಡ, ಐವತ್ತೆಂಟು ವರ್ಷದವನು, ಕಂಪನಿಯ ಹಾಸ್ಯನಟ. 'ಬುತ್ತಿ' ಎಂಬ ಈ ಹೊಸ ನಾಟಕವನ್ನು ಅವಳು ಅವನಿಗೆಂದೇ ಬರೆದಿದ್ದಳು. ಮೊದಲೆರಡು ಅಂಕ ಬರೀ ನಗೆ. ಅವನು ಬಸ್ ಕಂಡಕ್ಟರ್ ಗಿರೆಪ್ಪ. ಹೆಂಡತಿ ವೇದಿಕೆಗೆ ಬರುವುದೇ ಇಲ್ಲ, ಫೋನಿನಲ್ಲೇ ಜಗಳಾಡುತ್ತಾಳೆ. ಮೂರನೆಯ ಅಂಕದ ಹೊತ್ತಿಗೆ, ಬೆಳಿಗ್ಗೆ ಬುತ್ತಿ ಕಟ್ಟಿ ಕಳಿಸಿದ ಆ ಹೆಂಡತಿ ಮಧ್ಯಾಹ್ನ ತೀರಿಕೊಂಡ ಸುದ್ದಿ ಬಂದಿರುತ್ತದೆ. ಊರಿಗೆ ಹೋಗುವ ಬಸ್ಸು ಹೊರಡಲು ಇನ್ನೂ ಹೊತ್ತಿದೆ. ಗಿರೆಪ್ಪ ಡಿಪೋದ ಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚಿ ಉಣ್ಣುತ್ತಾನೆ. ಐದು ನಿಮಿಷ. ಮಾತಿಲ್ಲ, ಹಾಡಿಲ್ಲ, ಹಾರ್ಮೋನಿಯಂ ಇಲ್ಲ. ಉಂಡು, ಡಬ್ಬಿ ತೊಳೆದು, ಮುಚ್ಚಳ ಹಾಕಿ ಏಳುತ್ತಾನೆ.

"ಅಕ್ಕಾರ, ನಲವತ್ತರ ಕೆಳಗ ಇಳೀತು," ಎಂದಳು ನಾಜಿಯಾ. ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ನಾಜಿಯಾ ಕಿತ್ತೂರ, ಹಳೇ ಹುಬ್ಬಳ್ಳಿಯ ಹುಡುಗಿ.

"ತಡಿ. ಏರತೈತಿ."

ಗೆರೆ ಏರಲಿಲ್ಲ. ಮೂವತ್ತಾರಕ್ಕೆ ಬಂತು, ಮೂವತ್ತೊಂದಕ್ಕೆ ಬಂತು. ದ್ಯಾಮಣ್ಣ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದುತ್ತಿದ್ದ. ಅವಸರವಿಲ್ಲದೆ, ದಿನಾ ಉಣ್ಣುವವನಂತೆ.

"ಎರಡು ನಿಮಿಷ ಐವತ್ತ ಸೆಕೆಂಡ್ ಆತ್ರಿ."

"ತಡಿಯಾಕ ಬರೂದಿಲ್ಲೇನ ಅದನ್ನ?"

"ನನ್ನ ಕೈಯಾಗಿಲ್ರಿ ಅಕ್ಕಾರ. ಅದು ತಾನ ಹೇಳತೈತಿ."

ದ್ಯಾಮಣ್ಣನ ತಲೆ ಒಂದಿಷ್ಟು ಬಲಕ್ಕೆ ವಾಲಿತು. ಕಿವಿಯಲ್ಲಿ ಮಾತು ಬಂದಾಗ ಅವನ ತಲೆ ಹಾಗೆ ವಾಲುತ್ತಿತ್ತು. ಅವನು ರೊಟ್ಟಿಯ ತುಣುಕನ್ನು ಡಬ್ಬಿಯಲ್ಲಿಟ್ಟ, ಎದ್ದು ನಿಂತ, ಬೆಂಚಿನ ಕಾಲಿಗೆ ಕಾಲು ತೊಡರಿಸಿಕೊಂಡು ಮುಗ್ಗರಿಸಿ ಬಿದ್ದ. ಡಬ್ಬಿ ಉರುಳಿತು. ಸಭೆ ಹೋ ಎಂದು ನಕ್ಕಿತು. ಗೆರೆ ಒಂದೇ ಜಿಗಿತಕ್ಕೆ ಎಂಬತ್ತೆಂಟಕ್ಕೇರಿತು.

ಕಸ್ತೂರಿ ಆ ಹೊಳೆಯುವ ತುದಿಯನ್ನೇ ನೋಡುತ್ತ ನಿಂತಳು. ಆ ದೃಶ್ಯವನ್ನು ಅವಳು ಏಳು ತಿಂಗಳು ಬರೆದಿದ್ದಳು.

*

ಬೀಳುವುದು ದ್ಯಾಮಣ್ಣನಿಗೆ ಹೊಸದೇನಲ್ಲ. ನಾಲ್ಕು ವರ್ಷದ ಹಿಂದೆ ಯಾವುದೋ ಆಟದಲ್ಲಿ ಒದ್ದೆ ಹಲಗೆಯ ಮೇಲೆ ನಿಜವಾಗಿಯೇ ಜಾರಿಬಿದ್ದಿದ್ದ. ಆ ದಿನ ಗೆರೆ ತೊಂಬತ್ತನಾಲ್ಕು ಮುಟ್ಟಿತ್ತು. ಯಂತ್ರ ಅದನ್ನು ಮರೆಯಲಿಲ್ಲ. ಅಂದಿನಿಂದ ಯಾವ ನಾಟಕವಿರಲಿ, ಗೆರೆ ತಗ್ಗಿದಾಗಲೆಲ್ಲ ಅವನ ಕಿವಿಯಲ್ಲಿ ಒಂದೇ ಮಾತು: ಬೀಳಿ. ಒಂದೊಂದು ಆಟಕ್ಕೆ ಆರು ಸಲ, ಏಳು ಸಲ. ಜನ ಅವನನ್ನು ಬೀಳೋ ದ್ಯಾಮಣ್ಣ ಎಂದೇ ಕರೆಯುತ್ತಿದ್ದರು. ಅವನ ಬಲ ಮೊಣಕಾಲು ಈಗ ಎಡದ್ದರ ಒಂದೂವರೆಪಟ್ಟು ಬಾತಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ ಕುಳಿತು ಅವನು ಕಾಲು ಚಾಚಿದ. ಕಸ್ತೂರಿ ಎಕ್ಕದ ಎಲೆ ಬಿಸಿಮಾಡಿ ಮೊಣಕಾಲಿಗೆ ಇಟ್ಟು ಕಟ್ಟುತ್ತಿದ್ದಳು.

"ಆ ಸೀನ್ ತಗದಬಿಡು," ಎಂದ ದ್ಯಾಮಣ್ಣ. "ನಿನ್ನ ಸಲುವಾಗಿ ಹೇಳಾಕತ್ತೀನಿ. ದಿನಾ ಅದರಾಗ ಬೀಳೂದಂದ್ರ ನಿನಗೂ ನೋಡಾಕ ಆಗೂದಿಲ್ಲ."

"ನಿಮಗ ಹೆಂಗ ಅನಸ್ತು, ಅದನ್ನ ಹೇಳ್ರಿ. ಬೀಳೂಕಿಂತ ಮೊದಲು."

ಅವನು ಹದಿನಾರನೇ ವಯಸ್ಸಿಗೆ ಬಣ್ಣ ಹಚ್ಚಿದವನು; ಸಭೆಯ ಮಾತು ಬಂದರೆ ಯೋಚಿಸಿ ಮಾತಾಡುತ್ತಿದ್ದ.

"ಒಬ್ಬರೂ ಕೆಮ್ಮಲಿಲ್ಲ," ಎಂದ ಕೊನೆಗೆ.

"ಅಂದ್ರ?"

"ಬ್ಯಾಸರ ಆದ ಸಭಾ ಕೆಮ್ಮತೈತಿ ಕಸ್ತೂರಿ. ಒಬ್ಬ ಕೆಮ್ಮಿದ ಅಂದ್ರ ಮುಗೀತು, ಹತ್ತು ಮಂದಿ ಶುರು ಮಾಡ್ತಾರ. ಕುರ್ಚಿ ಕಿರ್ ಅಂತಾವ, ಚೀಲದ ಜಿಪ್ಪು ಎಳೀತಾರ. ನಿನ್ನಿ ಏನೂ ಇರಲಿಲ್ಲ. ನಾ ರೊಟ್ಟಿ ಮುರದ ಸಪ್ಪಳ ನನಗ ಕೇಳಸ್ತು. ಆ ಥಿಯೇಟರಿನ್ಯಾಗ ಮೂವತ್ತು ವರ್ಷ ಆತು, ರೊಟ್ಟಿ ಸಪ್ಪಳ ಎಂದೂ ಕೇಳಿಲ್ಲ ನಾನು."

ಕಸ್ತೂರಿಯ ಕೈ ಪಟ್ಟಿ ಕಟ್ಟುತ್ತಿದ್ದಲ್ಲೇ ನಿಂತಿತು.

"ಯಂತ್ರ ಮೂವತ್ತೊಂದು ತೋರಿಸ್ತು," ಎಂದಳು.

"ಯಂತ್ರ ಏನರ ತೋರಸ್ಲಿ. ಮಂದಿ ಅಲ್ಲೇ ಇದ್ರು."

*

ಹತ್ತು ಗಂಟೆಗೆ ಅವಳು ಗೆರೆಕೋಣೆಗೆ ಹೋದಳು. ನಾಜಿಯಾ ಒಬ್ಬಳೇ ಇದ್ದಳು. ಕೆಮ್ಮಿನ ಮಾತು ಕೇಳಿ ಅವಳು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತಳು.

"ಅಕ್ಕಾರ, ಈ ಯಂತ್ರಕ್ಕ ನಿದ್ದಿ ಮಾಡೋರೂ ಒಂದ, ಮೈಮರತೋರೂ ಒಂದ. ಎರಡರಾಗೂ ಉಸಿರು ನಿಧಾನ ಆಗತೈತಿ, ಎದಿ ಸಾವಕಾಶ ಬಡೀತೈತಿ. ಇದು ಬ್ಯಾಸರ ಅಂತ ಬರಕೊಂಡುಬಿಡತೈತಿ."

"ಮತ್ತ ಫರಕ ತಿಳಿಯೂದ ಹೆಂಗ?"

"ಕೂಡಿಸಿದ ಲೆಕ್ಕದಾಗ ತಿಳಿಯೂದಿಲ್ರಿ. ಬಿಡಿಸಿ ನೋಡೂನು."

ಅವಳು ಹಸಿರು ಗೆರೆಯನ್ನು ಅಳಿಸಿ, ನಿನ್ನೆಯ ಆರುನೂರ ಹನ್ನೆರಡು ಉಸಿರುಗಳನ್ನು ಒಂದರ ಕೆಳಗೊಂದು ಗೆರೆಯಾಗಿ ಹರಡಿದಳು. ಮೂರನೆಯ ಅಂಕದ ಆರಂಭದಲ್ಲಿ ಅವು ಕಣದಲ್ಲಿ ಚೆಲ್ಲಿದ ಹುಲ್ಲಿನ ಹಾಗೆ ಅಡ್ಡಾದಿಡ್ಡಿಯಾಗಿದ್ದವು. ದ್ಯಾಮಣ್ಣ ಡಬ್ಬಿಯ ಮುಚ್ಚಳ ತೆಗೆದಾಗ ಅಲ್ಲೊಂದು ಇಲ್ಲೊಂದು ಏರು ಒಂದರ ಕೆಳಗೊಂದು ಬಂದು ನಿಂತಿತು. ಎರಡನೆಯ ನಿಮಿಷದ ಹೊತ್ತಿಗೆ ಅರ್ಧ ಸಭೆ ಕೂಡಿಕೊಂಡಿತ್ತು. ಮೂರನೆಯ ನಿಮಿಷ ಹತ್ತಿರವಾದಂತೆ ಫಲಕದ ಮೇಲಿನಿಂದ ಕೆಳತನಕ ಎಲ್ಲ ಏರುಗಳೂ ಎಲ್ಲ ಇಳಿವುಗಳೂ ಎರೆಹೊಲದಲ್ಲಿ ಎಳೆದ ಸಾಲುಗಳಂತೆ ನೆಟ್ಟಗೆ ನಿಂತವು. ಮುಂದಿನ ಸಾಲಿನವರೂ ಬಾಲ್ಕನಿಯವರೂ, ಒಬ್ಬರನ್ನೊಬ್ಬರು ಕಂಡರಿಯದ ಆರುನೂರು ಜನ, ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಡುತ್ತಿದ್ದರು.

ಆಮೇಲೆ ದ್ಯಾಮಣ್ಣ ಬಿದ್ದ ಕ್ಷಣ. ಸಾಲುಗಳೆಲ್ಲ ಒಡೆದು ಮತ್ತೆ ಹುಲ್ಲಾದವು.

ನಾಜಿಯಾ ಎದ್ದು ಕೋಣೆಯ ಬಾಗಿಲು ಹಾಕಿಬಂದು, "ಇದನ್ನ ಮಾಲಕರಿಗೆ ತೋರಸಬ್ಯಾಡ್ರಿ," ಎಂದಳು.

"ಯಾಕ? ಇದಕ್ಕಿಂತ ದೊಡ್ಡ ಸಾಕ್ಷಿ ಏನ ಬೇಕು?"

"ಅಳತಿ ಮಾಡಾಕ ಬರತೈತಿ ಅಂತ ಗೊತ್ತಾದ್ರ ಅಳತಿ ಮಾಡ್ತಾರ. ಆಮ್ಯಾಲ ಇದೂ ಹೆಚ್ಚಿಗಿ ಬೇಕಂತಾರ. ನಾ ಈ ಕೆಲಸದಾಗ ಇದ್ದಾಕಿ ರೀ, ನನಗ ಗೊತ್ತೈತಿ."

ಕಸ್ತೂರಿಗೆ ಆ ಮಾತು ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಬಾತ ಮೊಣಕಾಲು.

*

ಕಂಪನಿಯ ಮಾಲಕರು ಚನ್ನವೀರಪ್ಪ ಮಾಲಗಿತ್ತಿ. ಅವರ ಅಜ್ಜ ಎರಡು ಬಂಡಿಗಳಲ್ಲಿ ಪರದೆ ಹೇರಿಕೊಂಡು ಊರೂರು ತಿರುಗಿ ಕಟ್ಟಿದ ಕಂಪನಿ ಇದು. ಸುತ್ತಲಿನ ಒಂದೊಂದೇ ಥಿಯೇಟರು ಗೋದಾಮಾಗುವಾಗ ಇದೊಂದು ಉಳಿದದ್ದು ಅವರ ಹಟದಿಂದ ಮತ್ತು ಗೆರೆಯಿಂದ. ನಲವತ್ತಮೂರು ಜನ ಕಲಾವಿದರ ಒಲೆ ಆ ಥಿಯೇಟರಿನ ಮೇಲೆ ಉರಿಯುತ್ತಿತ್ತು.

ಫಲಕದ ಮೇಲಿನ ಸಾಲುಗಳನ್ನು ನೋಡಿ ಚನ್ನವೀರಪ್ಪನವರ ಕಣ್ಣು ಒದ್ದೆಯಾದವು. ಅದರಲ್ಲಿ ಸುಳ್ಳಿರಲಿಲ್ಲ. "ಬಾಯಾರ, ನಮ್ಮಜ್ಜ ಹೇಳತಿದ್ದ, ಸಭಾಕ್ಕ ಒಂದ ಉಸಿರು ಇರತೈತಿ ಅಂತ. ಹುಚ್ಚಮಾತು ಅನ್ಕೊಂಡಿದ್ದೆ," ಎಂದರು. ಅದೇ ವಾರ ಆ ದೃಶ್ಯಕ್ಕೆ ವಿನಾಯಿತಿ ಸಿಕ್ಕಿತು. ದ್ಯಾಮಣ್ಣ ಐದೂ ನಿಮಿಷ ಕುಳಿತು ಉಂಡ. ಥಿಯೇಟರು ತುಂಬಿತು. ಕಸ್ತೂರಿ ಗೆದ್ದೆನೆಂದುಕೊಂಡಳು.

ಮೂರು ತಿಂಗಳಲ್ಲಿ ಫಲಕದ ಮೇಲೆ ಎರಡನೆಯ ಗೆರೆ ಬಂತು, ಹಳದಿ ಬಣ್ಣದ್ದು. ಹೆಸರು ಒಮ್ಮನ ಸೂಚ್ಯಂಕ; ಸಭೆಯ ಉಸಿರು ಎಷ್ಟು ಒಂದಾಗಿದೆ ಎಂಬುದರ ಅಳತೆ. ಇನ್ನೂ ಮೂರು ತಿಂಗಳಾದ ಮೇಲೆ ಪ್ರತಿ ನಾಟಕದಲ್ಲೂ ಹಳದಿ ಗೆರೆ ಒಮ್ಮೆಯಾದರೂ ಅರವತ್ತು ದಾಟಬೇಕೆಂದು ಕರಾರು ತಿದ್ದಲಾಯಿತು. ಆಮೇಲೆ ಎರಡು ಸಲ ಎಂದಾಯಿತು. ಎಲ್ಲ ಕಂಪನಿಗಳಲ್ಲೂ ಯಾರಾದರೊಬ್ಬರು ಸುಮ್ಮನೆ ಕುಳಿತು ಉಣ್ಣತೊಡಗಿದರು, ಬಟ್ಟೆ ಮಡಚತೊಡಗಿದರು. 'ಬುತ್ತಿ'ಯ ಮೊದಲ ಅಂಕಕ್ಕೂ ಒಂದು ಮೌನ ಸೇರಿತು. ಸಭೆಗೂ ಪಾಠವಾಯಿತು. ದೀಪ ಮಂದವಾದ ಕೂಡಲೇ "ಮೌನ ಬಂತು, ಮೌನ ಬಂತು" ಎಂದು ಪಕ್ಕದವರಿಗೆ ಹೇಳುವವರು, ಮೊಬೈಲಿನಲ್ಲಿ ಹಳದಿ ಗೆರೆ ನೋಡುತ್ತ ತಾವೂ ಉಸಿರು ಹೊಂದಿಸುವವರು ಹುಟ್ಟಿಕೊಂಡರು. ಕಾಯುವ ಸಭೆ ಮೈಮರೆಯುವುದಿಲ್ಲ. ಹಳದಿ ಗೆರೆ ಕುಸಿಯಿತು. ಯಂತ್ರ ಮತ್ತೆ ದ್ಯಾಮಣ್ಣನ ಕಿವಿಯಲ್ಲಿ ಮಾತಾಡಿತು: ನಿಧಾನ ಅಗಿಯಿರಿ. ತಲೆ ತಗ್ಗಿಸಿ. ಕಣ್ಣೊರೆಸಿಕೊಳ್ಳಿ.

ಒಂದು ಭಾನುವಾರ ಮಧ್ಯಾಹ್ನ ದ್ಯಾಮಣ್ಣ ಊಟಕ್ಕೆ ಕುಳಿತವನು ರೊಟ್ಟಿ ಮುರಿಯದೆ ಅದನ್ನೇ ನೋಡುತ್ತಿದ್ದ.

"ಏನಾತ್ರೀ?"

"ಮೊದಲು ಬೀಳು ಅಂತಿತ್ತು, ಈಗ ಅಳು ಅಂತೈತಿ. ಬೀಳೂದ ಚಲೋ ಇತ್ತು ಕಸ್ತೂರಿ. ಅದರಾಗ ಸುಳ್ಳಿರಲಿಲ್ಲ. ನೆಲ ಖರೇನ ಬಡೀತಿತ್ತು." ಅವನು ತಾಟು ಸರಿಸಿದ. "ಈಗ ಮನ್ಯಾಗ ಉಣ್ಣಾಕ ಕುಂತ್ರೂ ಯಾರೋ ಎಣಸಾಕತ್ತಾರ ಅನಸ್ತೈತಿ."

ಕಸ್ತೂರಿ ಸೆರಗಿನಿಂದ ಕೈ ಒರೆಸಿಕೊಂಡು ಅವನೆದುರು ಕುಳಿತಳು. "ಆ ಹಳದಿ ಗೆರಿ ತಂದಾಕಿ ನಾನ," ಎಂದಳು. "ನಾಜಿಯಾ ಬ್ಯಾಡಂದಿದ್ಲು. ನಾ ಕೇಳಲಿಲ್ಲ. ನಾ ತಂದದ್ದನ್ನ ನಾನ ತಗೀತೀನಿ."

"ಹೆಂಗ ತಗೀತಿ?"

"ಇನ್ನೂ ಗೊತ್ತಿಲ್ಲ. ತಗಿಯೂದಂತೂ ಖರೆ. ನೀವು ಉಣ್ರಿ ಮೊದಲ."

*

ದಾರಿ ಹುಡುಕಿಕೊಟ್ಟವಳು ನಾಜಿಯಾ. ಕರಾರಿನ ಎಪ್ಪತ್ತು ಪುಟಗಳನ್ನು ಅವಳು ಮೂರು ದಿನ ಕುಳಿತು ಓದಿದಳು. "ಪ್ರತಿ ಆಟಕ್ಕೂ ಗೆರಿ ಇರಬೇಕಂತ ಬರದಾರ್ರಿ ಅಕ್ಕಾರ. ಪೂರಾ ಆಟಕ್ಕ ಅಂತ ಎಲ್ಲೂ ಬರದಿಲ್ಲ, ಹಳದಿ ಗೆರಿಗೂ ಅಷ್ಟ," ಎಂದಳು. ಮುಂದಿನದನ್ನು ಕಸ್ತೂರಿ ತಾನೇ ಯೋಚಿಸಿದಳು.

ಚನ್ನವೀರಪ್ಪನವರು ಬಣ್ಣದ ಕೋಣೆಯಲ್ಲಿ ಹೊಸ ಗಡ್ಡಮೀಸೆಗಳ ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಕಸ್ತೂರಿ ನಿಂತೇ ಮಾತಾಡಿದಳು.

"ಮಧ್ಯಂತರ ಆದಮ್ಯಾಲೆ ಯಂತ್ರ ಬಂದ್ ಮಾಡ್ರಿ, ಮಾಲಕರ. ಹಸರೂ ಬ್ಯಾಡ, ಹಳದಿನೂ ಬ್ಯಾಡ. ನಮ್ಮ ಮನಿಯವರು ಕಿವಿಯಾಗಿನ ಗುಂಡಿ ತಗದಿಡ್ತಾರ."

"ಬೋರ್ಡಿನ ಮ್ಯಾಲೆ ಏನ ತೋರಸ್ಲಿ ಮಂದಿಗೆ?"

"ಅರ್ಧ ಗೆರಿ ತೋರಸ್ರಿ. ಉಳಿದದ್ದು ಕರ್ರಗ ಬಿಡ್ರಿ."

ಚನ್ನವೀರಪ್ಪನವರು ಕೈಯಲ್ಲಿದ್ದ ಗಡ್ಡವನ್ನು ಪೆಟ್ಟಿಗೆಯೊಳಗೆ ಹಾಕಿದರು. "ಬಾಯಾರ, ನನಗ ಕಲಾ ತಿಳಿಯೂದಿಲ್ಲ ಅನ್ಕೊಂಡೀರೇನು? ತಿಳೀತೈತಿ. ಆದ್ರ ಗೆರಿ ಇಲ್ದ ಮಂದಿ ಒಳಗ ಬರೂದಿಲ್ಲ. ಮಂದಿ ಬರಲಿಲ್ಲಂದ್ರ ನಿಮ್ಮ ಸೀನನ್ನ ನೀವು ಯಾರಿಗೆ ತೋರಸ್ತೀರಿ? ಖಾಲಿ ಕುರ್ಚಿಗೇನು?"

"ಅದಕ್ಕ ಅರ್ಧ ಅಂದೆ, ಪೂರಾ ಬಂದ್ ಮಾಡ್ರಿ ಅನ್ನಲಿಲ್ಲ. ಮೊದಲೆರಡು ಅಂಕ ಗೆರಿಗೆ ಬರೀತೀನಿ. ಮೂಗು ಮುರಕೊಂಡಲ್ಲ, ಮನಸ್ಸಿಟ್ಟು ಬರೀತೀನಿ. ನಲವತ್ತಲ್ಲ, ಎಪ್ಪತ್ತರ ಮ್ಯಾಲಿಡ್ತೀನಿ. ಇವರನ್ನ ಒಂದ ಸಲಾನೂ ಬೀಳಸಲ್ದ. ಮಂದಿ ಕರೀ ಭಾಗ ನೋಡಿ ಅಲ್ಲೇನೈತಿ ಅಂತ ಕೇಳ್ತಾರ. ಕೇಳಲಿ. ಒಳಗ ಬಂದು ನೋಡಲಿ."

ಅವರು ಅವಳ ಮುಖ ನೋಡಿದರು. ಇಪ್ಪತ್ತಾರು ವರ್ಷದಿಂದ ಬಲ್ಲ ಮುಖ.

"ಹನ್ನೊಂದು ಆಟ ಕೊಡ್ತೀನಿ," ಎಂದರು. "ಅದರಾಗ ಎಂಟು ಪೂರಾ ತುಂಬಬೇಕು. ತುಂಬಲಿಲ್ಲಂದ್ರ ಮುಂದ ನಾಟಕ ನಿಮ್ಮ ಹೆಸರಿಲೆ, ಮಾತು ಯಂತ್ರದ್ದು. ಅದು ಹೇಳಿದ್ದನ್ನ ನೀವು ಬರ್ಕೊಡಬೇಕು. ನಡೀತದೇನು?"

ಬರವಣಿಗೆ ಬಿಟ್ಟರೆ ಅವಳ ಹತ್ತಿರ ಬೇರೆ ಏನೂ ಇರಲಿಲ್ಲ. ಆದರೂ "ನಡೀತೈತ್ರಿ," ಎಂದಳು.

ಹದಿನೈದು ದಿನ ಅವಳು ಮೊದಲೆರಡು ಅಂಕವನ್ನು ತಿದ್ದಿದಳು. ಗೆರೆಯ ಹಳೆಯ ದಾಖಲೆಗಳನ್ನು ತರಿಸಿಕೊಂಡು, ಜನ ಎಲ್ಲಿ ನಕ್ಕರು, ಎಲ್ಲಿ ಅರ್ಧಕ್ಕೇ ನಿಲ್ಲಿಸಿದರು ಎಂದು ವಿದ್ಯಾರ್ಥಿಯ ಹಾಗೆ ಓದಿದಳು. ಯಂತ್ರದಿಂದ ಕಲಿಯುವುದು ಬಹಳವಿತ್ತು. ಒಂದು ನಗೆಯ ಬೆನ್ನಿಗೇ ಇನ್ನೊಂದನ್ನು ತಂದರೆ ಎರಡನೆಯದು ಸಾಯುತ್ತದೆಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ಅಲ್ಲಿಯತನಕ ತಿಳಿದಿರಲಿಲ್ಲ.

*

ಮೊದಲ ಆಟದ ಸಂಜೆ, ಮಧ್ಯಂತರದ ಗಂಟೆ ಹೊಡೆದ ಕೂಡಲೇ ನಾಜಿಯಾ ಗುಂಡಿ ಒತ್ತಿದಳು. ಎಪ್ಪತ್ತೆಂಟರಲ್ಲಿ ಓಡುತ್ತಿದ್ದ ಹಸಿರು ಗೆರೆ ಅಲ್ಲೇ ನಿಂತಿತು. ಫಲಕ ಕಪ್ಪಾಯಿತು. ಗೆರೆಕೋಣೆಯಲ್ಲಿ ನೋಡುವುದಕ್ಕೆ ಏನೂ ಉಳಿಯಲಿಲ್ಲ.

ಕಸ್ತೂರಿ ಹಿಂದಿನ ಬಾಗಿಲಿನಿಂದ ಸಭೆಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು. ತಾನು ಬರೆದ ನಾಟಕವನ್ನು ಅವಳು ಜನರ ನಡುವೆ ಕುಳಿತು ನೋಡಿ ಒಂಬತ್ತು ವರ್ಷವಾಗಿತ್ತು. ದೀಪ ಆರಿತು. ಅವಳಿಗೆ ಕಂಡದ್ದು ಬರೀ ತಲೆಗಳು. ಆ ತಲೆಗಳೊಳಗೆ ಏನಿದೆಯೆಂದು ಹೇಳುವವರು ಯಾರೂ ಇರಲಿಲ್ಲ.

ಕರೀ ಭಾಗದ ಕುತೂಹಲಕ್ಕೆ ಎರಡು ದಿನ ಥಿಯೇಟರು ತುಂಬಿತು. ಮೂರನೆಯ ದಿನ ನೂರು ಕುರ್ಚಿ ಖಾಲಿ ಇದ್ದವು. ಕೊನೆಯಲ್ಲಿ ಏನೂ ಆಗುವುದಿಲ್ಲವೆಂದು ಯಾರೋ ಮೊಬೈಲಿನಲ್ಲಿ ಬರೆದು ಹಂಚಿದ್ದರು. ಕೆಲವರು ಮಧ್ಯಂತರಕ್ಕೇ ಎದ್ದುಹೋದರು. ಕಂಪನಿಯ ನಟರು ಕಸ್ತೂರಿಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ನಾಲ್ಕನೆಯ ದಿನ ದ್ಯಾಮಣ್ಣ ಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದಾಗ ಆರನೆಯ ಸಾಲಿನಿಂದ ಒಬ್ಬ ಎದ್ದು ನಿಂತು ಕೂಗಿದ: "ಬೀಳೋ ದ್ಯಾಮಣ್ಣಾ! ಬೀಳಲೇ! ಅದಕ್ಕ ರೊಕ್ಕ ಕೊಟ್ಟ ಬಂದೇವಿ!"

ಅಲ್ಲಲ್ಲಿ ನಗೆ ಎದ್ದಿತು. ಸೀಟಿ ಕೇಳಿತು. ಕಸ್ತೂರಿ ಮುಂದಿನ ಕುರ್ಚಿಯನ್ನು ಬಿಗಿಯಾಗಿ ಹಿಡಿದಳು. ನಾಲ್ಕು ವರ್ಷದ ರೂಢಿ. ದ್ಯಾಮಣ್ಣ ಈಗ ಏಳುತ್ತಾನೆ, ಕಾಲು ತೊಡರಿಸಿಕೊಳ್ಳುತ್ತಾನೆ ಎಂದೇ ಅವಳಿಗೆ ಅನಿಸಿತು.

ದ್ಯಾಮಣ್ಣ ತಲೆಯೆತ್ತಿ ಆ ಮನುಷ್ಯನನ್ನು ನೋಡಿದ. ಸಿಟ್ಟಿನಿಂದಲ್ಲ, ಡಿಪೋದಲ್ಲಿ ಕುಳಿತ ಗಿರೆಪ್ಪ ದಾರಿಹೋಕನೊಬ್ಬನನ್ನು ನೋಡುವ ಹಾಗೆ ನೋಡಿದ. ರೊಟ್ಟಿ ಮುರಿದ. ಪಲ್ಯ ಹಚ್ಚಿದ. ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿ, ಆ ತುಣುಕನ್ನು ಅವನ ಕಡೆ ಚಾಚಿದ. ಉಣ್ಣುವವನ ಎದುರು ಯಾರಾದರೂ ಬಂದರೆ ಊಟಕ್ಕೆ ಕರೆಯುವುದಿಲ್ಲವೇ, ಹಾಗೆ.

ಕೂಗಿದವನು ನಿಂತೇ ಇದ್ದ. ದ್ಯಾಮಣ್ಣನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಆ ಮನುಷ್ಯ ಬಾಯಿ ತೆರೆದು ಏನೋ ಹೇಳಲು ಹೋದ. ಹೇಳದೆ, ಎದೆಯ ಮೇಲೆ ಕೈಯಿಟ್ಟು, ಬೇಡ ಎಂಬಂತೆ ತಲೆಯಾಡಿಸಿ ಕುಳಿತ. ದ್ಯಾಮಣ್ಣ ಆ ತುಣುಕನ್ನು ತನ್ನ ಬಾಯಿಗಿಟ್ಟುಕೊಂಡ.

ಸಭೆ ಒಟ್ಟಿಗೆ ಉಸಿರಾಡಿತೋ ಇಲ್ಲವೋ ಕಸ್ತೂರಿಗೆ ಗೊತ್ತಾಗಲಿಲ್ಲ. ಆದರೆ ಕೊನೆಯ ಸಾಲಿನ ತನಕ ರೊಟ್ಟಿಯ ಸಪ್ಪಳ ಕೇಳಿಸಿತು.

*

ಹನ್ನೊಂದನೆಯ ಆಟ ಮುಗಿದು ಜನ ಹೊರಬಿದ್ದ ಮೇಲೆ ಚನ್ನವೀರಪ್ಪನವರು ಗೆರೆಕೋಣೆಗೆ ಬಂದರು. ಆ ದಿನ ಅವರು ಮಾಲಕರ ಖಾಸಾ ಜಾಗ ಬಿಟ್ಟು ಏಳನೆಯ ಸಾಲಿನಲ್ಲಿ ಕುಳಿತಿದ್ದರು. ಕಸ್ತೂರಿಯೂ ನಾಜಿಯಾಳೂ ಎದ್ದು ನಿಂತರು. ಮುಖದ ಬಣ್ಣ ಅರ್ಧ ಒರೆಸಿಕೊಂಡ ದ್ಯಾಮಣ್ಣ ಬಾಗಿಲಲ್ಲಿದ್ದ.

ಕಸ್ತೂರಿಯೇ ಮೊದಲು ಮಾತಾಡಿದಳು. "ಏಳು ತುಂಬಿದ್ವು. ಎಂಟು ಆಗಲಿಲ್ಲ. ಮಾತು ಅಂದ್ರ ಮಾತ್ರಿ, ಮಾಲಕರ. ನಾಳಿಂದ ಯಂತ್ರ ಹೇಳಿದ್ದನ್ನ ಬರ್ಕೊಡ್ತೀನಿ."

ಅವರು ಅಭ್ಯಾಸಬಲದಿಂದ ಫಲಕದ ಕಡೆ ತಿರುಗಿ, "ಇವತ್ತ ಹೆಂಗಿತ್ತವಾ, ಮೂರನೇ ಅಂಕ?" ಎಂದು ನಾಜಿಯಾಳನ್ನು ಕೇಳಿದರು.

"ನನ್ನ ಹಂತೇಕ ಏನೂ ಇಲ್ರಿ. ನೀವ ಒಳಗ ಕುಂತಿದ್ರಲ್ಲ, ನೀವ ಹೇಳ್ರಿ."

ಚನ್ನವೀರಪ್ಪನವರು ತಬ್ಬಿಬ್ಬಾದರು. ನಾಟಕ ಹೇಗಿತ್ತೆಂದು ಅವರನ್ನು ಯಾರೂ ಬಹಳ ವರ್ಷಗಳಿಂದ ಕೇಳಿರಲಿಲ್ಲ.

"ನನ್ನ ಮಗ್ಗಲಕ್ಕ ಒಬ್ಬಾಕಿ ಕುಂತಿದ್ಲು," ಎಂದರು ತಡೆದು ತಡೆದು. "ಅಳಲಿಲ್ಲ, ಚಪ್ಪಾಳಿನೂ ಹೊಡೀಲಿಲ್ಲ. ಇದು ಮುಟ್ಟಲಿಲ್ಲ ಇಕಿಗೆ ಅನ್ಕೊಂಡೆ. ಹೊರಗ ಬರಬರತಾ ಮನಿಗೆ ಫೋನ್ ಹಚ್ಚಿದ್ಲು. ಉಂಡಿರೇನು, ಅಂತ ಕೇಳಿದ್ಲು. ಅಷ್ಟ. ಇಟ್ಟಬಿಟ್ಲು." ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. "ಇದನ್ನ ಯಾವ ಗೆರಿ ಮ್ಯಾಲೆ ಬರೀಲಿ ನಾನು?"

ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಅರ್ಧ ಗೆರಿ ಹಂಗ ಇರಲಿ," ಎಂದರು ಅವರು. ಮರುಕ್ಷಣವೇ ಅವರ ದನಿ ಮಾಲಕರ ದನಿಯಾಯಿತು. "ಆದ್ರ ನಾ ಧರ್ಮಕ್ಕ ಬಿಡಾಕತ್ತಿಲ್ಲ ಬಾಯಾರ. ಆ ನಾಕು ಆಟದ ಖಾಲಿ ಕುರ್ಚಿ ನಾ ನೋಡೇನಿ. ವರ್ಷಕ್ಕ ಎರಡು ನಗಿ ನಾಟಕ ಬೇಕು ನನಗ. ಪೂರಾ ಗೆರಿ, ಮೊದಲಿಂದ ಕಡೀತನಕ. ಕಂಪನಿ ಅದರ ಮ್ಯಾಲೆ ನಡೀಲಿ, ಇದು ಇದರ ಪಾಡಿಗೆ ನಡೀಲಿ."

"ಬರ್ಕೊಡ್ತೀನಿ. ಇವರು ಅದರಾಗೂ ಬೀಳೂದಿಲ್ಲ."

"ಬೀಳಲ್ದ ಎಪ್ಪತ್ತು ಮುಟ್ಟಸ್ತೀರಿ?"

"ಎಂಬತ್ತು."

*

ಮರುದಿನ ಬೆಳಿಗ್ಗೆ ಕಸ್ತೂರಿ ಅಡುಗೆಮನೆಯ ನಡುವೆ ಒಂದು ಕುರ್ಚಿ ಹಾಕಿ ದ್ಯಾಮಣ್ಣನನ್ನು ಕೂರಿಸಿದಳು. ನೆಲದ ಮೇಲೆ ಹಾಳೆ ಹರಡಿಕೊಂಡು ತಾನು ಎದುರಿಗೆ ಕುಳಿತಳು.

"ನೀವು ಕಚೇರಿ ಗುಮಾಸ್ತ," ಎಂದಳು. "ಹಸೀ ಬಣ್ಣ ಹಚ್ಚಿದ ಕುರ್ಚಿಗೆ ಅಂಟಕೊಂಡೀರಿ. ಏಳಾಕ ಬರೂದಿಲ್ಲ. ಸಾಹೇಬ ಬರ್ತಾನ, ನೀವು ಏಳೂದಿಲ್ಲ. ಮಂತ್ರಿ ಬರ್ತಾನ, ಏಳೂದಿಲ್ಲ. ನೋಡಿದ ಮಂದಿ, ಏನ ಧೈರ್ಯ ಈ ಮನಷ್ಯಾಂದು ಅಂತ ಊರ ತುಂಬ ಹೇಳ್ತಾರ. ಸಂಜಿಮುಂದ ನಿಮ್ಮನ್ನ ಕುರ್ಚಿ ಸಮೇತ ಹೊತ್ತು ಮೆರವಣಿಗಿ ಮಾಡ್ತಾರ."

ದ್ಯಾಮಣ್ಣನಿಗೆ ನಗು ಬಂತು. "ಅಂದ್ರ ಮೂರೂ ಅಂಕ ಕುಂತಾ ಇರಬೇಕು ನಾನು?"

"ಮೂರೂ ಅಂಕ. ಈಗ ಸಾಹೇಬ ಬಾಗಲದಾಗ ಬಂದ. ಏಳಾಕ ನೋಡ್ರಿ, ಏಳಬ್ಯಾಡ್ರಿ. ನಗಸ್ರಿ ನನ್ನ."

ಅವನು ಕೈಗಳನ್ನು ಕುರ್ಚಿಯ ತೋಳಿಗೆ ಒತ್ತಿ ಅರ್ಧ ಎದ್ದಂತೆ ಮಾಡಿ ಮುಖ ಕಿವುಚಿದ.

"ಅದು ಬೀಳೋ ಮಾರಿ," ಎಂದಳು ಕಸ್ತೂರಿ. "ನಾಕು ವರ್ಷದ್ದು. ಬ್ಯಾರೇದು ಬೇಕು."

ಇನ್ನೊಮ್ಮೆ ಮಾಡಿದ. ಅವಳು ನಗಲಿಲ್ಲ, ಒಂದು ಸಾಲು ಹೊಡೆದುಹಾಕಿ ಮತ್ತೊಂದು ಬರೆದಳು. ಮತ್ತೊಮ್ಮೆ ಮಾಡಿದ. ಒಲೆಯ ಮೇಲೆ ಬೇಳೆ ಬೆಂದು ಇಳಿಸಿದ್ದಾಯಿತು, ಹಾಲಿನವಳು ಬಂದು ಹೋದದ್ದಾಯಿತು. ಹತ್ತು ಸಲವೋ ಹನ್ನೆರಡು ಸಲವೋ ಆದ ಮೇಲೆ ದ್ಯಾಮಣ್ಣ ಕೈ ಕಾಲು ಒಂದನ್ನೂ ಅಲುಗಿಸದೆ, ಬರೀ ಹುಬ್ಬೆತ್ತಿ, ಮಂತ್ರಿಯನ್ನೇ ಕೂರಲು ಹೇಳುವವನ ಗತ್ತಿನಲ್ಲಿ ಎದುರಿನ ಖಾಲಿ ಜಾಗದ ಕಡೆ ಗದ್ದ ತೋರಿಸಿದ.

ಕಸ್ತೂರಿಗೆ ನಗು ಒತ್ತರಿಸಿ ಬಂತು. ತುಟಿ ಕಚ್ಚಿ ಅದನ್ನು ನುಂಗಿಕೊಂಡಳು.

"ಸಾಲದು," ಎಂದು ಹಾಳೆ ಮಗುಚಿದಳು. "ಇನ್ನೊಮ್ಮೆ ಮಾಡ್ರಿ."